ನಿವೃತ್ತಿಯ ದಿನಾಂಕವಿಲ್ಲದ ದುಡಿಮೆ: ರಾಯಚೂರು ವಿದ್ಯುತ್ ಸ್ಥಾವರದ ನಲವತ್ತು ವರ್ಷಗಳು

ಸರಕಾರಿ ನೌಕರನಿಗೆ ನಿವೃತ್ತಿಯ ದಿನಾಂಕ ಎಂಬುದೊಂದು ಇರುತ್ತದೆ. ಸೇವಾ ಪುಸ್ತಕದಲ್ಲಿ ಜನ್ಮದಿನಾಂಕವನ್ನು ಬರೆದ ದಿನವೇ ಅದೂ ನಿರ್ಧಾರವಾಗಿಬಿಡುತ್ತದೆ. ಆ ತಿಂಗಳ ಕೊನೆಯ ದಿನ ಒಂದು ಹಾರ, ಒಂದು ಶಾಲು, ನಾಲ್ಕು ಒಳ್ಳೆಯ ಮಾತು. ಮರುದಿನದಿಂದ ಶಾಲೆಯ ಗಂಟೆ ನಮಗಾಗಿ ಬಾರಿಸುವುದಿಲ್ಲ. ಯಂತ್ರಗಳಿಗೆ ಅಂತಹ ಏರ್ಪಾಡಿಲ್ಲ. ಅವು ಮುದಿಯಾದಾಗ ಮೊದಲು ವರ್ಷದಲ್ಲಿ ಕೆಲವು ತಿಂಗಳ ಬಿಡುವು, ಬಳಿಕ ಕರೆದಾಗ ಮಾತ್ರ ಕೆಲಸ, ಆಮೇಲೆ ಕರೆಯುವುದೂ ಅಪರೂಪ. ಹೀಗೆ ಯಾರ ಗಮನಕ್ಕೂ ಬಾರದಂತೆ ಮೂಲೆಗೆ ಸರಿಯುತ್ತವೆ. ಕರ್ನಾಟಕದ ಮೊತ್ತಮೊದಲ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ, ರಾಯಚೂರು ಜಿಲ್ಲೆಯ ಶಕ್ತಿನಗರದ್ದು, ಹಲವು ವರ್ಷಗಳಿಂದ ಈ ದಾರಿಯಲ್ಲಿ ನಡೆಯುತ್ತಿದೆ. ಅದರ ಮೊದಲ ಘಟಕ ಚಾಲನೆಗೊಂಡದ್ದು 1985ರ ಮಾರ್ಚ್ ತಿಂಗಳಲ್ಲಿ. 2025ರ ಮಾರ್ಚಿಗೆ ಆ ದಿನಕ್ಕೆ ನಲವತ್ತು ವರ್ಷ ತುಂಬಿತು.

ಪುತ್ತೂರು ಸೀಮೆಯ ಮಾಸ್ತರರಿಗೆ ರಾಯಚೂರಿನ ಚಿಮಣಿಯ ಉಸಾಬರಿ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳಬಹುದು. ಕಾರಣವಿದೆ. ಪುತ್ತೂರು, ಸುಳ್ಯ, ಕಡಬಗಳ ನಮ್ಮ ತೋಟಗಳಿಗೆ ಬೇಸಗೆಯಲ್ಲಿ ನೀರು ಹಾಯಿಸಿದ ಕರೆಂಟಿನಲ್ಲಿ, ನೀವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿದ ಬಲ್ಬಿನ ಬೆಳಕಿನಲ್ಲಿ, ಆ ಊರಿನ ಬೂದಿಯ ಪಾಲಿದೆ. ಉಪಕಾರ ಪಡೆದವರು ಲೆಕ್ಕವನ್ನಾದರೂ ತಿಳಿದಿರಬೇಕಲ್ಲವೇ?

ಲೆಕ್ಕವನ್ನು ಮೊದಲಿನಿಂದ ಹಿಡಿಯೋಣ. ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಬಹುಕಾಲ ನೀರಿನ ಚರಿತ್ರೆಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ತಂತಿಯ ಮೂಲಕ ವಿದ್ಯುತ್ತು ಹರಿಯಿತು. 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಮಹಾತ್ಮಾ ಗಾಂಧಿ ಜಲವಿದ್ಯುತ್ ಕೇಂದ್ರವೆಂದು ಹೆಸರಾಯಿತು. 1964ರಿಂದ 1977ರ ವರೆಗೆ ಶರಾವತಿ ವಿದ್ಯುದಾಗಾರದಲ್ಲಿ ಒಂದೊಂದಾಗಿ ಹತ್ತು ಯಂತ್ರಗಳು ನಿಂತವು. ಅಗ್ಗದ ವಿದ್ಯುತ್ತಿನ ರಾಜ್ಯವೆಂದು ನಮಗೆ ಹೆಸರು ಬಂದದ್ದು ಆಗ. ಆದರೆ ನೀರನ್ನೇ ನಂಬಿದವನು ಮಳೆಯನ್ನು ನಂಬಿದ ಹಾಗೆ. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರು ತಳ ಸೇರುತ್ತಿತ್ತು. ಕಾರ್ಖಾನೆಗಳಿಗೆ ಕಡಿತ, ಪೇಟೆಗಳಿಗೆ ಕತ್ತಲೆ. ನಮ್ಮ ಹಳ್ಳಿಗಳ ಮಾತೇ ಬೇರೆ. ಅನೇಕ ಮನೆಗಳಿಗೆ ತಂತಿಯೇ ಬಂದಿರಲಿಲ್ಲ, ಹಾಗಾಗಿ ಕಳೆದುಕೊಳ್ಳುವುದಕ್ಕೂ ಏನೂ ಇರಲಿಲ್ಲ!

ಈ ಅಭದ್ರತೆಗೆ ಪರಿಹಾರವಾಗಿ ಕಲ್ಲಿದ್ದಲಿನ ಯೋಚನೆ ಬಂತು. 1970ರಲ್ಲಿ ಸ್ಥಾಪನೆಯಾದ ವಿದ್ಯುತ್ ನಿಗಮ, ಅಂದರೆ ಇಂದಿನ ಕರ್ನಾಟಕ ವಿದ್ಯುತ್ ನಿಗಮ, ಅದರ ಹೊಣೆ ಹೊತ್ತಿತು. ನಮ್ಮ ರಾಜ್ಯದ ನೆಲದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಗಣಿಗೆ ಸಮೀಪ, ರೈಲಿಗೆ ಸಮೀಪ, ನದಿಗೆ ಸಮೀಪ ಎಂಬ ಮೂರೂ ಅನುಕೂಲಗಳು ಕೂಡಿಬರುವ ಜಾಗವೆಂದರೆ ಕೃಷ್ಣಾ ನದಿಯ ದಂಡೆಯ ದೇವಸೂಗೂರು. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಸೂಗೂರೇಶ್ವರನ ದೇವಸ್ಥಾನವಿರುವ ಹಳೆಯ ಊರು ಅದು. ಸಿಂಗರೇಣಿಯ ಗಣಿಗಳು ನೆರೆಯ ಆಂಧ್ರದಲ್ಲಿ, ಈಗಿನ ತೆಲಂಗಾಣದಲ್ಲಿ. ಊರಿನ ಪಕ್ಕದಲ್ಲೇ ಸ್ಥಾವರವೂ ನೌಕರರ ವಸತಿಯೂ ಎದ್ದು ಶಕ್ತಿನಗರವೆಂಬ ಹೊಸ ಹೆಸರು ಹುಟ್ಟಿತು.

1985ರಲ್ಲಿ ಮೊದಲ ಘಟಕ, 1986ರಲ್ಲಿ ಎರಡನೆಯದು, 1991ರಲ್ಲಿ ಮೂರನೆಯದು, 1994ರಲ್ಲಿ ನಾಲ್ಕನೆಯದು, 1999ರಲ್ಲಿ ಐದು ಮತ್ತು ಆರನೆಯವು, 2002ರಲ್ಲಿ ಏಳನೆಯದು. ಇವೆಲ್ಲ ತಲಾ 210 ಮೆಗಾವಾಟಿನವು. 2010ರಲ್ಲಿ 250 ಮೆಗಾವಾಟಿನ ಎಂಟನೆಯದು ಸೇರಿ ಒಟ್ಟು 1720 ಮೆಗಾವಾಟಾಯಿತು. ಒಂದು ಕಾಲದಲ್ಲಿ ರಾಜ್ಯಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಶೇಕಡಾ ನಲವತ್ತು ರಾಯಚೂರಿನದೇ ಎಂಬ ಮಾತು ವಾಡಿಕೆಯಲ್ಲಿತ್ತು.

ನಮ್ಮ ಕಡೆಯ ಹುಡುಗರು ಕೆಲವರು ಕೆಲಸಕ್ಕೆಂದು ಅಲ್ಲಿಗೆ ಹೋದರು. ಎಪ್ಪತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ, ಸುಳ್ಯದ ಆಚೆಯ ಒಂದು ಹಳ್ಳಿಯ ಹುಡುಗ, ಡಿಪ್ಲೊಮಾ ಮುಗಿಸಿ ಶಕ್ತಿನಗರ ಸೇರಿದ. ತೊಂಬತ್ತರ ದಶಕದಲ್ಲಿ ಮಂತ್ರಾಲಯಕ್ಕೆ ಹೋಗಿದ್ದ ನಾವು ಅವನ ಒತ್ತಾಯಕ್ಕೆ ಮಣಿದು ಅಲ್ಲಿ ಎರಡು ದಿನ ತಂಗಿದೆವು. ಮೈಲುಗಳ ದೂರದಿಂದಲೇ ಚಿಮಣಿಗಳು ಕಾಣುತ್ತವೆ. ಬೆಟ್ಟಗುಡ್ಡಗಳ ನಡುವೆ ಬೆಳೆದ ನಮ್ಮ ಕಣ್ಣಿಗೆ ಆ ಬಯಲೂ ಹೊಸತು, ಆ ಬಿಸಿಲೂ ಹೊಸತು. ಕಲ್ಲಿದ್ದಲು ತುಂಬಿದ ರೈಲಿನ ಡಬ್ಬಿಯನ್ನು ಯಂತ್ರವೊಂದು ಹಿಡಿದು, ನಾವು ಸೇರಿನಿಂದ ಅಕ್ಕಿ ಸುರಿಯುವ ಹಾಗೆ ಮಗುಚಿ ಸುರಿಯುವುದನ್ನು ನೋಡಿ ಬೆರಗಾದೆ. ಆ ಕಲ್ಲಿದ್ದಲು ಪಟ್ಟಿಯ ಮೇಲೆ ಸಾಗಿ, ಹಿಟ್ಟಾಗಿ, ಕುಲುಮೆಯೊಳಗೆ ಗಾಳಿಯೊಡನೆ ಉರಿಯುತ್ತದೆ. ಸುಮಾರು 540 ಡಿಗ್ರಿಗೆ ಕಾದ ಹಬೆ ಟರ್ಬೈನನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಎಂಟನೆಯ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹಬೆಯ ಯಂತ್ರದ ಚಿತ್ರ ಅಲ್ಲಿ ಹತ್ತು ಅಂತಸ್ತಿಗೂ ಮಿಗಿಲಾದ ಎತ್ತರಕ್ಕೆ ನಿಂತಿತ್ತು!

ಅಂದು ಆ ಶಿಷ್ಯ ಹೇಳಿಕೊಟ್ಟ ಒಂದು ಗಣಿತವನ್ನು ಆಮೇಲೆ ನಾನು ಅನೇಕ ತರಗತಿಗಳಿಗೆ ಹೇಳಿದ್ದೇನೆ, ಕೆಲವರಿಗೆ ನೆನಪಿರಬಹುದು. ನಮ್ಮ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಪಡೆಯಲು ಸುಮಾರು 700 ಗ್ರಾಂ ಸುಡಬೇಕು. ಐದು ಎಚ್.ಪಿ. ಪಂಪು ಆರು ಗಂಟೆ ಓಡಿದರೆ ಸುಮಾರು 22 ಯೂನಿಟ್. ಅಂದರೆ ಒಂದು ಅಡಿಕೆ ತೋಟಕ್ಕೆ ಒಂದು ದಿನ ನೀರು ಬಿಡಲು 15 ಕಿಲೋ ಕಲ್ಲಿದ್ದಲು. ಅದರಲ್ಲಿ ಮೂರನೆಯ ಒಂದು ಪಾಲು, ಐದು ಕಿಲೋ, ಬೂದಿಯಾಗಿ ಉಳಿಯುತ್ತದೆ. ನೀರು ನಮ್ಮ ತೋಟದಲ್ಲಿ, ಬೂದಿ ಅವರ ಅಂಗಳದಲ್ಲಿ. 210 ಮೆಗಾವಾಟಿನ ಒಂದು ಘಟಕ ಇಡೀ ದಿನ ಪೂರ್ತಿ ಓಡಿದರೆ 50 ಲಕ್ಷ ಯೂನಿಟ್; ಅದಕ್ಕೆ ಸುಮಾರು 3500 ಟನ್ ಕಲ್ಲಿದ್ದಲು, ಹೆಚ್ಚುಕಡಿಮೆ ಒಂದು ಇಡೀ ಗೂಡ್ಸ್ ರೈಲು. ಬೂದಿ ಸಾವಿರ ಟನ್ನಿಗೂ ಮಿಕ್ಕಿ, ಪ್ರತಿದಿನ. 1999ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆಯ ಬಳಿಕ ಹಾರುಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸುವುದು ಹೆಚ್ಚಿತು. ಉಳಿದದ್ದು ನೀರಿನಲ್ಲಿ ಕಲಸಿ ಬೂದಿಹೊಂಡಕ್ಕೆ ಹೋಗುತ್ತದೆ. ಬೇಸಗೆಯ ಗಾಳಿಗೆ ಒಣಗಿದ ಬೂದಿ ಎದ್ದರೆ ಒಗೆದು ಹರವಿದ ಬಟ್ಟೆಯೂ ಮಾಸುತ್ತದೆ.

2008ರಿಂದ ಹತ್ತು ಎಚ್.ಪಿ. ವರೆಗಿನ ಕೃಷಿ ಪಂಪುಗಳಿಗೆ ಬಿಲ್ಲು ಬರುವುದೂ ನಿಂತಿತು. ಬಿಲ್ಲು ಬಾರದ ಮಾತ್ರಕ್ಕೆ ಬೆಲೆಯಿಲ್ಲವೆಂದಲ್ಲ. ಅದನ್ನು ಬೇರೆ ಯಾರೋ, ಬೇರೆಲ್ಲೋ ತೆರುತ್ತಾರೆ.

ಸ್ಥಾವರವೊಂದಕ್ಕೆ ವಯಸ್ಸಾಗುವುದು ಹೇಗೆ? ಇಂತಹ ಘಟಕಗಳ ಆಯುಸ್ಸನ್ನು ಸಾಮಾನ್ಯವಾಗಿ 25 ವರ್ಷವೆಂದು ಎಣಿಸುತ್ತಾರೆ. ಆ ಲೆಕ್ಕದಲ್ಲಿ ಮೊದಲ ಘಟಕ 2010ರಲ್ಲಿಯೇ ನಿವೃತ್ತಿಗೆ ಅರ್ಹವಾಗಿತ್ತು. ಆದರೆ ಒಳ್ಳೆಯ ಆರೈಕೆಯಿದ್ದರೆ, ಕೊಳವೆಗಳನ್ನೂ ಸವೆದ ಭಾಗಗಳನ್ನೂ ಬದಲಿಸುತ್ತಿದ್ದರೆ, ಬಾಯ್ಲರು ಇನ್ನೂ ಹತ್ತಿಪ್ಪತ್ತು ವರ್ಷ ನಡೆಯುತ್ತದೆ. ಅದನ್ನು ಕೆಡಿಸುವುದು ದುಡಿಮೆಗಿಂತ ಹೆಚ್ಚಾಗಿ ನಿಲುಗಡೆ. ನಮ್ಮ ಕಡೆಯ ಬಚ್ಚಲು ಮನೆಯ ಹಂಡೆಯನ್ನೇ ನೆನೆಯಿರಿ. ಒಲೆಯಲ್ಲಿ ಕೆಂಡವಿದ್ದರೆ ಒಂದು ಕೊತ್ತಳಿಗೆ ಹಾಕಿದೊಡನೆ ನೀರು ಬಿಸಿಯಾಗುತ್ತದೆ. ಪೂರ್ತಿ ತಣಿದ ಹಂಡೆ ಕಾಯಲು ಒಂದು ಹೊರೆ ಸೌದೆ ಬೇಕು. ದೊಡ್ಡ ಬಾಯ್ಲರಿನದೂ ಹಾಗೆಯೇ. ಒಮ್ಮೆ ತಣಿದರೆ ಮತ್ತೆ ಉರಿ ಹಚ್ಚಲು ಮೊದಲು ದುಬಾರಿ ಎಣ್ಣೆ ಸುಡಬೇಕು, ಹಲವು ಗಂಟೆ ಕಾಯಬೇಕು. ಕಾದು ತಣಿದು, ಕಾದು ತಣಿದು ಲೋಹ ಬಳಲುತ್ತದೆ, ಕೊಳವೆ ಸೋರುತ್ತದೆ. ಮುದಿ ಘಟಕವನ್ನು ಬೇಕೆಂದಾಗ ಕರೆದು ಬೇಡವೆಂದಾಗ ಮಲಗಿಸುವುದೆಂದರೆ ಅದರ ಆಯುಸ್ಸನ್ನು ಬೇಗ ಮುಗಿಸುವುದೇ.

ಹಾಗೆ ಮಲಗಿಸುವ ಕಾಲ ಬಂದದ್ದು ಕಳೆದ ಹತ್ತು ವರ್ಷಗಳಲ್ಲಿ. ಯಾರ ವಿದ್ಯುತ್ತು ಅಗ್ಗವೋ ಅವರದನ್ನು ಮೊದಲು ಕೊಳ್ಳಬೇಕೆಂಬುದು ವಿದ್ಯುತ್ ಜಾಲದ ನಿಯಮ. ರಾಯಚೂರಿನ ಕಲ್ಲಿದ್ದಲು ಗಣಿಯಿಂದ ನೂರಾರು ಕಿಲೋಮೀಟರು ರೈಲಿನಲ್ಲಿ ಬರಬೇಕು. ಸಿಂಗರೇಣಿಯಿಂದಲ್ಲದೆ ಒಡಿಶಾದ ಮಹಾನದಿ ಗಣಿಗಳಿಂದಲೂ ಬರುತ್ತದೆ. ಹಳೆಯ ಘಟಕ ಅದೇ ಕಲ್ಲಿದ್ದಲಿನಿಂದ ಹೊಸದರಷ್ಟು ವಿದ್ಯುತ್ತನ್ನು ಕೊಡಲಾರದು. ಬಳ್ಳಾರಿಯ ಕುಡಿತಿನಿಯಲ್ಲಿ, ರಾಯಚೂರಿನದೇ ಯರಮರಸಿನಲ್ಲಿ ದೊಡ್ಡ ಘಟಕಗಳು ಬಂದವು. ಯರಮರಸಿನವು ತಲಾ 800 ಮೆಗಾವಾಟಿನವು. ಇನ್ನೊಂದು ಕಡೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ವನ ಎದ್ದಿತು. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಅದರ ಹೆಸರು ಶಕ್ತಿಸ್ಥಳ. ಶಕ್ತಿನಗರದ ಭಾರವನ್ನು ಹಗಲಿನಲ್ಲಿ ಶಕ್ತಿಸ್ಥಳ ಹೊತ್ತಿತು.

ಮಳೆಗಾಲದ ಕಥೆ ನಮಗೆ ಇನ್ನೂ ಹತ್ತಿರದ್ದು. ಆಟಿ ತಿಂಗಳಲ್ಲಿ ಸುಬ್ರಹ್ಮಣ್ಯದ ಕಡೆ ಜಡಿಮಳೆ ಹಿಡಿದು ಕುಮಾರಧಾರೆ ಉಕ್ಕಿದಾಗ, ಅದೇ ಘಟ್ಟದ ಸಾಲಿನಲ್ಲಿ ಶರಾವತಿ, ವಾರಾಹಿ, ಕಾಳಿ ನದಿಗಳೂ ತುಂಬುತ್ತವೆ. ಜಲವಿದ್ಯುತ್ತು ಧಾರಾಳವಾಗುತ್ತದೆ, ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ, ರಾಜ್ಯದ ಪಂಪುಗಳು ಸುಮ್ಮನಿರುತ್ತವೆ. ಆಗ ರಾಯಚೂರಿನ ಘಟಕಗಳಿಗೆ ಒಂದೊಂದಾಗಿ ನಿಲ್ಲಿಸುವ ಸೂಚನೆ ಹೋಗುತ್ತದೆ. ನಾವು ಹಪ್ಪಳ ಸುಟ್ಟುಕೊಂಡು ಮಳೆ ನೋಡುತ್ತಿರುವಾಗ ಅಲ್ಲಿ ಕುಲುಮೆಗಳು ತಣಿಯುತ್ತವೆ. 2020ರ ಲಾಕ್‌ಡೌನಿನಲ್ಲಿ ಕಾರ್ಖಾನೆಗಳು ಮುಚ್ಚಿ ಬೇಡಿಕೆಯೇ ಕುಸಿದಾಗ ರಾಯಚೂರಿನ ಅನೇಕ ಘಟಕಗಳು ದೀರ್ಘಕಾಲ ಮಲಗಿದವು. ಇನ್ನು ಹಳೆಯವಕ್ಕೆ ಬೀಗ ಹಾಕುವುದೇ ಸರಿ ಎಂಬ ಮಾತು ಬಲವಾಯಿತು.

ಮೂರೇ ವರ್ಷ. 2023ರಲ್ಲಿ ಮುಂಗಾರು ಸೋತಿತು. ಜಲಾಶಯಗಳು ತುಂಬಲಿಲ್ಲ, ಮಳೆಯಿಲ್ಲದ ಹೊಲಗಳಲ್ಲಿ ಪಂಪುಗಳು ಮಳೆಗಾಲದಲ್ಲಿಯೇ ಓಡತೊಡಗಿದವು. ಅಕ್ಟೋಬರಿನಲ್ಲಿ ವಿದ್ಯುತ್ತಿನ ಕೊರತೆ ಎಷ್ಟಾಯಿತೆಂದರೆ, ರಾಜ್ಯ ಸರಕಾರ ವಿದ್ಯುತ್ ಕಾಯಿದೆಯ 11ನೆಯ ಕಲಮನ್ನು ಬಳಸಿ, ರಾಜ್ಯದ ಖಾಸಗಿ ಉತ್ಪಾದಕರೂ ತಮ್ಮ ವಿದ್ಯುತ್ತನ್ನು ಇಲ್ಲಿಯೇ ಕೊಡಬೇಕೆಂದು ಆಜ್ಞೆ ಮಾಡಬೇಕಾಯಿತು. ಅಂತಹ ಹೊತ್ತಿನಲ್ಲಿ ಹಳೆಯದು, ಹೊಸದು ಎಂದು ನೋಡುವವರು ಯಾರು? ನಾಲ್ಕು ದಶಕಗಳ ಹಿಂದೆ ಯಾವ ಬರಗಾಲದ ಭಯಕ್ಕೆ ರಾಯಚೂರನ್ನು ಕಟ್ಟಿದ್ದರೋ ಅದೇ ಭಯ ಅದನ್ನು ಮತ್ತೆ ಎಬ್ಬಿಸಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು, 2030ರ ವರೆಗೆ ಕಲ್ಲಿದ್ದಲಿನ ಯಾವ ಘಟಕವನ್ನೂ ನಿವೃತ್ತಿಗೊಳಿಸಬೇಡಿ, ನವೀಕರಿಸಿ ಬಳಸಿ ಎಂದು ದೇಶದ ಎಲ್ಲ ಉತ್ಪಾದಕರಿಗೆ ಸಲಹೆ ಮಾಡಿತ್ತು. ಹೊಗೆಯ ವಿಷಯದಲ್ಲೂ ಇದೇ ತೂಗಾಟ. 2015ರ ಡಿಸೆಂಬರಿನಲ್ಲಿ ಪರಿಸರ ಸಚಿವಾಲಯ ಬಿಗಿ ನಿಯಮಗಳನ್ನು ತಂದಿತು. ಗಡುವುಗಳು ಮುಂದೆ ಮುಂದೆ ಹೋದವು. 2025ರ ಜುಲೈಯಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಹೊಗೆಯಿಂದ ಗಂಧಕವನ್ನು ತೆಗೆಯುವ ಯಂತ್ರ ಕಡ್ಡಾಯವಲ್ಲವೆಂದಾಯಿತು.

ಇತರರು ಹೇಗೆ ಬೀಳ್ಕೊಟ್ಟರು ಎಂಬುದನ್ನೂ ನೋಡೋಣ. ಇಂಗ್ಲೆಂಡಿನ ಕಥೆ ಬೋಧಪ್ರದವಾಗಿದೆ. 1882ರಲ್ಲಿ ಲಂಡನ್ನಿನ ಹೋಲ್ಬರ್ನ್ ವಯಾಡಕ್ಟಿನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕ ವಿದ್ಯುತ್ತನ್ನು ಆರಂಭಿಸಿದ ದೇಶ ಅದು. 2015ರಲ್ಲಿ ಅಲ್ಲಿನ ಸರಕಾರ, ಹತ್ತು ವರ್ಷದಲ್ಲಿ ಕಲ್ಲಿದ್ದಲಿನ ವಿದ್ಯುತ್ತನ್ನು ನಿಲ್ಲಿಸುತ್ತೇವೆಂದು ಮುಂಚಿತವಾಗಿ ಸಾರಿತು. 2024ರ ಸೆಪ್ಟೆಂಬರ್ 30ರಂದು ರ್‍ಯಾಟ್‌ಕ್ಲಿಫ್ ಎಂಬಲ್ಲಿನ ಕೊನೆಯ ಸ್ಥಾವರ ನಿಂತಿತು. ನೌಕರರಿಗೆ ದಿನಾಂಕ ಗೊತ್ತಿತ್ತು. ಬೇರೆ ಕೆಲಸ ಕಲಿಯಲು, ಮಕ್ಕಳ ಓದನ್ನು ಯೋಜಿಸಲು ಸಮಯವಿತ್ತು. ನಮ್ಮ ನೆರೆಯ ನೈವೇಲಿಯಲ್ಲಿ ಸೋವಿಯತ್ ನೆರವಿನಿಂದ 1962ರಲ್ಲಿ ಆರಂಭವಾದ ಲಿಗ್ನೈಟಿನ ಮೊದಲ ಸ್ಥಾವರ ಒಂದೊಂದೇ ಘಟಕವಾಗಿ ನಿಂತು 2020ರ ಸೆಪ್ಟೆಂಬರಿಗೆ ಮುಗಿಯಿತು. ತೆಲಂಗಾಣದ ಕೊತ್ತಗೂಡೆಂ ಸ್ಥಾವರದ ಹಳೆಯ ಘಟಕಗಳು 2020ರ ವೇಳೆಗೆ ನಿಂತವು. 2024ರ ಆಗಸ್ಟಿನಲ್ಲಿ ಅಲ್ಲಿನ ಎಂಟು ಶೈತ್ಯ ಗೋಪುರಗಳನ್ನು ಸಿಡಿಮದ್ದಿನಿಂದ ಕೆಡವಿದರು. ನಮ್ಮಲ್ಲಿಯೇ ಬೆಂಗಳೂರಿನ ಯಲಹಂಕದ ಡೀಸೆಲ್ ವಿದ್ಯುತ್ ಸ್ಥಾವರ ಮುಚ್ಚಿ, ಅದೇ ಆವರಣದಲ್ಲಿ 370 ಮೆಗಾವಾಟಿನ ಅನಿಲ ಸ್ಥಾವರ ಬಂದು 2024ರಲ್ಲಿ ಉದ್ಘಾಟನೆಗೊಂಡಿತು. ಅಂದರೆ ಒಂದು ಮುಗಿದಲ್ಲಿ ಇನ್ನೊಂದು ಹುಟ್ಟುವುದು ಅಸಾಧ್ಯವೇನಲ್ಲ.

ಕಲ್ಲಿದ್ದಲು ಹೋಗಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ನಮ್ಮ ಜಿಲ್ಲೆಯವರು ಈ ವಾದವನ್ನು ಬಹಳ ಹಿಂದೆಯೇ ಕೇಳಿದವರು. ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪೆನಿ ಸ್ಥಾವರ ಕಟ್ಟಲು ಹೊರಟಾಗ ಎಷ್ಟು ಸಭೆಗಳು, ಎಷ್ಟು ಕರಪತ್ರಗಳು! 1999ರ ಡಿಸೆಂಬರಿನಲ್ಲಿ ಅದು ಹಿಂದೆ ಸರಿಯಿತು. ಆದರೂ ಮುಂದೆ ಬೇರೆ ಕಂಪೆನಿಯ ಕೈಯಲ್ಲಿ ಅದೇ ಪಡುಬಿದ್ರಿಯ ಪರಿಸರದಲ್ಲಿ 1200 ಮೆಗಾವಾಟಿನ ಸ್ಥಾವರ ಬಂದೇ ಬಂತು; 2010 ಮತ್ತು 2012ರಲ್ಲಿ ಅದರ ಎರಡು ಘಟಕಗಳು ಆರಂಭವಾದವು. ಅಲ್ಲಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ತಂತಿ ತಮ್ಮ ತೋಟದ ಮೇಲೆ ಹಾಯುವುದು ಬೇಡವೆಂದು ವಿಟ್ಲ ಭಾಗದ ಕೃಷಿಕರು ಹೋರಾಡಿದ್ದನ್ನೂ ಕಂಡಿದ್ದೇವೆ.

ಅವರ ಸಂಕಟ ನಿಜವಾದದ್ದು. ಆದರೆ ನಮ್ಮೂರಿಗೆ ಬೇಡವಾದದ್ದು ರಾಯಚೂರಿನಲ್ಲಿ ಇರಲಿ ಎಂಬ ಅರ್ಥ ನಮ್ಮ ಮೌನದಿಂದ ಹೊರಡಬಾರದು. ಕಲ್ಲಿದ್ದಲನ್ನು ಬಿಟ್ಟಾಗ ಅದರ ಜಾಗಕ್ಕೆ ಬರುವುದೂ ಯಾರದೋ ನೆಲದ ಮೇಲೆಯೇ ಬರುತ್ತದೆ. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕಾದಿಡಬೇಕೆಂದು ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟಿನ ಯೋಜನೆಯನ್ನು ರೂಪಿಸಿದ್ದಾರೆ. ಅದು ಸಿಂಗಳೀಕಗಳ ಕಾಡು. ಬೇಡವೆನ್ನುವವರೂ ಬೇಕೆನ್ನುವವರೂ ಇದ್ದಾರೆ. ವಿದ್ಯುತ್ತಿಗೆ ಬೂದಿಯಿಲ್ಲದ ದಾರಿ ಉಂಟು, ಆದರೆ ಬೆಲೆಯಿಲ್ಲದ ದಾರಿ ಇಲ್ಲ ಎಂಬುದನ್ನು ಮಕ್ಕಳಿಗೆ ನಾವು ಹೇಳಿಕೊಡಬೇಕು.

ನನ್ನ ಆ ಶಿಷ್ಯ ಅರುವತ್ತು ತುಂಬಿ ನಿವೃತ್ತನಾಗಿ ಊರಿಗೆ ಬಂದು ಕೆಲವು ವರ್ಷಗಳಾದವು. ಅವನಿಗೆ ಬೀಳ್ಕೊಡುಗೆ ಚೆನ್ನಾಗಿಯೇ ಆಗಿತ್ತು. ಒಮ್ಮೆ ಮನೆಗೆ ಬಂದಾಗ ಅವನು ಹೇಳಿದ ಮಾತು ನನ್ನನ್ನು ಈ ಬರಹಕ್ಕೆ ಹಚ್ಚಿತು. “ಸರ್, ನಮಗೆ ಪಿಂಚಣಿಯಾದರೂ ಬರುತ್ತದೆ. ಬೂದಿ ಎತ್ತುವವರು, ಕಲ್ಲಿದ್ದಲು ಗುಡಿಸುವವರು, ಅವರು ಗುತ್ತಿಗೆಯವರು. ಘಟಕ ನಿಂತ ದಿನ ಅವರಿಗೆ ನಿವೃತ್ತಿಯೂ ಅಲ್ಲ, ಕೆಲಸವೂ ಇಲ್ಲ. ಮಳೆ ಜೋರಾದರೆ ನಮ್ಮ ಊರಿನಲ್ಲಿ ಸಂತೋಷ; ಅಲ್ಲಿ ಕೆಲವರು ಆಕಾಶ ನೋಡಿ ಈ ತಿಂಗಳ ಸಂಬಳ ಎಷ್ಟು ದಿನದ್ದೋ ಎಂದು ಲೆಕ್ಕ ಹಾಕುತ್ತಿದ್ದರು” ಎಂದ. ನಾನು ಐವತ್ತು ವರ್ಷ ಮಳೆಯನ್ನು ಪಾಠ ಮಾಡಿದವನು. ಮಳೆಗೆ ಇಂತಹದೊಂದು ಅರ್ಥವಿದೆಯೆಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಶಕ್ತಿನಗರವೆಂಬುದು ಬರೀ ಚಿಮಣಿಗಳ ಸಾಲಲ್ಲ. ಅದು ಶಾಲೆ, ಆಸ್ಪತ್ರೆ, ಸಂತೆ, ಹೋಟೆಲು, ಸೈಕಲ್ ರಿಪೇರಿ ಅಂಗಡಿಗಳ ಒಂದು ಊರು. ಅದರ ಊಟವೆಲ್ಲ ಆ ಕುಲುಮೆಗಳ ಉರಿಯಲ್ಲೇ ಬೇಯುತ್ತ ಬಂದಿದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹಳೆಯ ಘಟಕಗಳು ಹೋಗಲಿ, ಆದರೆ ದಿನಾಂಕ ಹೇಳಿ ಹೋಗಲಿ. ಯಾವ ಘಟಕ ಯಾವ ವರ್ಷ, ಅದರ ಜಾಗದಲ್ಲಿ ಏನು, ಬೂದಿಹೊಂಡವನ್ನು ಮುಚ್ಚಿ ಹಸುರು ಮಾಡುವವರು ಯಾರು, ಗುತ್ತಿಗೆಯ ಕೆಲಸಗಾರನಿಗೆ ಯಾವ ಕೆಲಸ ಕಲಿಸುತ್ತೇವೆ ಎಂಬುದು ಮುಂಚಿತವಾಗಿ ಬರೆದಿರಲಿ. ಸೌರ ಫಲಕಕ್ಕೆ ಬೇಕಾದ ಬಯಲು, ಬಿಸಿಲು, ಬೇರೆಡೆ ಸಾವಿರಾರು ಕೋಟಿ ಸುರಿದು ಕಟ್ಟಬೇಕಾದ ವಿದ್ಯುತ್ ತಂತಿಯ ಜಾಲ ಇವೆಲ್ಲ ಅಲ್ಲಿ ಈಗಾಗಲೇ ಇವೆ. ಬರದ ವರ್ಷಕ್ಕೆಂದು ಒಂದೆರಡು ಘಟಕಗಳನ್ನು ಕಾದಿಡುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ಕಾದಿಟ್ಟಷ್ಟು ಕಾಲ ಅಲ್ಲಿನ ಕೆಲಸಗಾರರಿಗೆ ಸಂಬಳ ಕೊಡಬೇಕು. ನಿವೃತ್ತಿಯ ದಿನಾಂಕ ಒಂದು ಶಿಕ್ಷೆಯಲ್ಲ, ಅದೊಂದು ಸೌಲಭ್ಯ. ಅದನ್ನು ಅನುಭವಿಸಿದ ನನ್ನಂಥವನು ಧೈರ್ಯವಾಗಿ ಹೇಳಬಲ್ಲೆ.

ನನ್ನ ವಿದ್ಯಾರ್ಥಿಗಳಲ್ಲಿ ಶಕ್ತಿನಗರದಲ್ಲೋ ಕುಡಿತಿನಿಯಲ್ಲೋ ದುಡಿದವರು ಇನ್ನೂ ಹಲವರಿದ್ದೀರಿ. ನಿಮ್ಮ ಹಾಜರಿ ಪುಸ್ತಕ, ರಾತ್ರಿ ಪಾಳಿಯ ನೆನಪು, ಹಳೆಯ ಛಾಯಾಚಿತ್ರಗಳನ್ನು ಜೋಪಾನ ಮಾಡಿರಿ, ಸಾಧ್ಯವಾದರೆ ಬರೆದಿಡಿರಿ. ಅಣೆಕಟ್ಟುಗಳಿಗೆ ಚರಿತ್ರೆಕಾರರು ಸಿಗುತ್ತಾರೆ. ಬೂದಿಯ ನಡುವೆ ದುಡಿದವರ ಚರಿತ್ರೆಯನ್ನು ಅವರೇ ಬರೆಯಬೇಕು. ಊರಲ್ಲಿರುವವರು ಮುಂದಿನ ಬೇಸಗೆಯಲ್ಲಿ ಪಂಪಿನ ಗುಂಡಿಯೊತ್ತುವಾಗ ಆ ಐದು ಕಿಲೋ ಬೂದಿಯ ಲೆಕ್ಕವನ್ನು ಮಕ್ಕಳಿಗೆ ಒಮ್ಮೆ ಹೇಳಿರಿ. ಎಲ್ಲರಿಗೂ ಒಳಿತಾಗಲಿ.